ಕಲಿತವಳಿಗೇ ಅಂಗಡಿ ಕೊಟ್ಟ ಮಾರ್ಥಾ

ಪಾರ್ಲರ್ ನಡೆಸೋರಿಗೆ ಒಂದು ಭಯ ಇದ್ದೇ ಇರುತ್ತೆ: ಕೆಲಸ ಕಲಿಸಿದ ಹುಡುಗಿ ನಾಳೆ ಎದುರಿಗೇ ಅಂಗಡಿ ತೆರೆದರೆ? ಇವತ್ತಿನ ಕಥೆ ನಿಮಗಾಗಿ.

ಮಾರ್ಥಾ ಮಟಿಲ್ಡಾ ಹಾರ್ಪರ್ 1857ರಲ್ಲಿ ಕೆನಡಾದಲ್ಲಿ ಹುಟ್ಟಿದವರು. ಏಳನೇ ವಯಸ್ಸಿಗೇ ಮನೆಗೆಲಸಕ್ಕೆ ಸೇರಿಸಿದರು. ಆಮೇಲೆ ಅಮೆರಿಕದ ರಾಚೆಸ್ಟರ್‌ಗೆ ಬಂದರೂ ಅದೇ ಕೆಲಸ. ಕೂಡಿಟ್ಟ 360 ಡಾಲರ್ ಹಾಕಿ, 1888ರಲ್ಲಿ ಹೆಂಗಸರಿಗಾಗಿಯೇ ಸಲೂನ್ ತೆರೆದರು.

ಗಿರಾಕಿಗಳೇ ಬರಲಿಲ್ಲ! ಆಗ ಉಳ್ಳವರ ಮನೆ ಹೆಂಗಸರು ಮನೆಯಲ್ಲೇ ತಲೆ ಬಾಚಿಸ್ಕೊಳ್ತಿದ್ರು. ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ ನಡೀತಿತ್ತು. ಮಕ್ಕಳನ್ನು ಕರ್ಕೊಂಡು ಬಂದ ತಾಯಂದಿರನ್ನು ಮಾರ್ಥಾ ತಮ್ಮ ಸಲೂನ್‌ನಲ್ಲೇ ಕೂರಿಸಿದರು. ಕಾಯೋಕೆ ಬಂದವರೇ ಗಿರಾಕಿಗಳಾದರು. ನೆಲ ಮುಟ್ಟುವ ಅವರ ಕೂದಲಿನ ಫೋಟೋನೇ ಜಾಹೀರಾತು.

ಬೇರೆ ಊರುಗಳಿಂದ ಬೇಡಿಕೆ ಬಂತು. 1891ರಿಂದ ಮಾರ್ಥಾ ಶಾಖೆಗಳನ್ನು ಯಾರ ಕೈಗೆ ಕೊಟ್ಟರು ಗೊತ್ತಾ? ದುಡ್ಡಿದ್ದವರಿಗಲ್ಲ, ತಮ್ಮಂತೆ ಮನೆಗೆಲಸ ಮಾಡ್ತಿದ್ದ ಹೆಂಗಸರಿಗೆ. ತರಬೇತಿ, ಹೆಸರು, ಶಾಂಪೂ, ಕ್ರೀಮು ಎಲ್ಲ ಮಾರ್ಥಾ ಅವರದು. ಅಂಗಡಿಯ ಒಡೆತನ ಆ ಹೆಂಗಸರದು. ಇವತ್ತು ನಾವು ಫ್ರಾಂಚೈಸಿ ಅಂತೀವಲ್ಲ, ಅದೇ ಇದು. ಮುಂದೆ ಇಂಥ ಸಲೂನ್‌ಗಳು ಸುಮಾರು 500 ಆದವು.

ತಲೆ ತೊಳೆಸ್ಕೊಳ್ಳೋಕೆ ಹಿಂದಕ್ಕೆ ಒರಗೋ ಕುರ್ಚಿ ಇದೆಯಲ್ಲ, ಅದನ್ನು ರೂಪಿಸಿದ ಹೆಸರೂ ಅವರದೇ. ಅದಕ್ಕೆ ಪೇಟೆಂಟ್ ಮಾತ್ರ ಮಾಡಿಸಲಿಲ್ಲ, ಎಲ್ಲರೂ ನಕಲು ಮಾಡಿದರು.

ಈಗ ಹೇಳಿ, ನಿಮ್ಮ ಹತ್ರ ಕಲಿತ ಹುಡುಗಿ ನಿಮಗೆ ಪೈಪೋಟಿನಾ, ನಿಮ್ಮ ಎರಡನೇ ಶಾಖೆನಾ?

#ಇತಿಹಾಸದಹೆಂಗಸರು #ಪಾರ್ಲರ್‌ಕಥೆ #ಕನ್ನಡ