ಉಡಿಯೊಳಗಿನ ಖಣ

ನಮ್ಮ ಕಡೆ ಮಗಳು ತವರಿನಿಂದ ಬರಿ ಉಡಿಯಲ್ಲಿ ಹೊರಡುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು, ಎಲೆ-ಅಡಿಕೆ, ಜೊತೆಗೊಂದು ಖಣ, ಅಂದರೆ ಕುಬಸ (ರವಿಕೆ) ಹೊಲಿಯುವ ಬಟ್ಟೆ. ಮದುವೆಗೆ ಖಣ, ಬನಶಂಕರಿಗೆ ಉಡಿ ತುಂಬಲು ಖಣ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಕೊಟ್ಟು ಮಾಡುವ ಕಾರ್ಯಕ್ಕಂತೂ ಕುಬಸ ಎಂದೇ ಹೆಸರು. ಕೈಯಲ್ಲಿ ಕಾಸಿಲ್ಲದವರೂ ಉದ್ರಿ ಹೇಳಿ ಖಣ ಒಯ್ಯುತ್ತಿದ್ದರು. ಖಣ ನೇಯುವ, ಬಾಗಲಕೋಟೆ ಜಿಲ್ಲೆಯ ನಮ್ಮ ಗುಳೇದಗುಡ್ಡ ಬದುಕಿದ್ದು ಈ ಉಡಿಯಿಂದ.

ಖಣಕ್ಕೆ ಹಾಸು ರೇಷ್ಮೆಯದು, ಹೊಕ್ಕು ಹತ್ತಿಯದು. ಎರಡಕ್ಕೂ ಬೇರೆ ಬೇರೆ ಬಣ್ಣ ಕೊಟ್ಟರೆ ಬೆಳಕಿಗೆ ಹಿಡಿದಾಗ ಬಟ್ಟೆಯ ಬಣ್ಣವೇ ತಿರುಗುತ್ತದೆ. ಮೈತುಂಬ ತೇರು, ಆನೆಹೆಜ್ಜೆ, ಸೂರ್ಯನಾರಾಯಣ. ದಡಿ ತೋಳಿನ ಅಂಚಿಗೆ ಬರುವಂತೆ ಕತ್ತರಿಸಿ, ಮುಂದೆ ಗಂಟು ಕಟ್ಟುವ ಕುಬಸ ಹೊಲಿಯುವುದು ಹಳೆಯ ಕ್ರಮ. ಇಳಕಲ್ ಸೀರೆಗೆ ಅದೇ ಜೋಡಿ. ಮಹಾರಾಷ್ಟ್ರದ ಹೆಂಗಸರೂ ಇದನ್ನು ಮೆಚ್ಚಿ ತೊಟ್ಟವರು.

ಅಪ್ಪ ಕುಣಿಮಗ್ಗದೊಳಗೆ ಕಾಲಿಳಿಸಿ ಕೂತರೆ ಅವ್ವ ಪಕ್ಕದಲ್ಲಿ ನೂಲಿನ ಕಂಡಿಕಿ ಸುತ್ತುತ್ತಿದ್ದಳು. ಸಾವಕಾರರು ನೂಲು ಕೊಡುವರು, ನೇಯ್ದ ಖಣ ಎಣಿಸಿಕೊಂಡು ಮಜೂರಿ ಕೊಡುವರು. ಆ ಎಣಿಕೆ ಅಪ್ಪನ ಲೆಕ್ಕದಲ್ಲಿ ಬರುತ್ತಿತ್ತು. ಅವ್ವನ ದುಡಿಮೆಗೆ ಬೇರೆ ಲೆಕ್ಕವೇ ಇರಲಿಲ್ಲ. 2019-20ರ ದೇಶದ ಕೈಮಗ್ಗ ಗಣತಿಯಲ್ಲಿ ಸಿಕ್ಕ ಸುಮಾರು 35 ಲಕ್ಷ ಕೆಲಸಗಾರರಲ್ಲಿ 25 ಲಕ್ಷಕ್ಕೂ ಹೆಚ್ಚು ಹೆಂಗಸರೇ. ನೇಕಾರ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲಿನ ತಿಂಗಳ ಗಳಿಕೆ 5,000 ರೂಪಾಯಿಯನ್ನೂ ಮುಟ್ಟುವುದಿಲ್ಲ ಎಂದು ಅದೇ ಗಣತಿ ಹೇಳಿತು. ಓದಿ ನನಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು.

ಮೊದಲು ಗಿರಣಿ ಸೀರೆಗಳು ತಮ್ಮ ಸೆರಗಿನ ತುದಿಯಲ್ಲೇ ಕುಬಸದ ಬಟ್ಟೆ ಹೊತ್ತು ಬಂದವು. ನಿತ್ಯ ತೊಡುವವರಿಗೆ ಖಣ ಬೇಡವಾಯಿತು. ಉಡಿ ಉಳಿದಿತ್ತಲ್ಲ, ಅಲ್ಲಿಗೆ ವಿದ್ಯುತ್ ಮಗ್ಗದ ಪಾಲಿಸ್ಟರ್ ತುಂಡು ನುಗ್ಗಿತು. ಅದೇ ತೇರು, ಅದೇ ದಡಿ, ಅಗ್ಗದ ಬೆಲೆ. ಕೊಟ್ಟವರು ಹೊಲಿಸುವುದಿಲ್ಲ, ಇಸಿದುಕೊಂಡವರೂ ಹೊಲಿಸುವುದಿಲ್ಲ. ಒಂದು ಮನೆಯ ಕಪಾಟಿನಿಂದ ಇನ್ನೊಂದು ಮನೆಗೆ ತಿರುಗುತ್ತಲೇ ಇರುತ್ತದೆ. ಹೀಗೆ ಪದ್ಧತಿ ಉಳಿಯಿತು, ಪದ್ಧತಿಯಿಂದ ಉಂಡವರು ಮಗ್ಗ ಬಿಚ್ಚಿಟ್ಟು ಕಟ್ಟಡದ ಕೆಲಸಕ್ಕೆ ಗುಳೆ ಹೋದರು. ಸಂಸ್ಕೃತಿ ಉಳಿಸಿದ್ದೇವೆ ಎಂದು ವೇದಿಕೆಯ ಮೇಲೆ ಹೇಳುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಗುಳೇದಗುಡ್ಡ ಖಣಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಖಣದ ಸೀರೆ, ಚೀಲಗಳಿಗೆ ಪಟ್ಟಣದಲ್ಲಿ ಗಿರಾಕಿಗಳೂ ಹುಟ್ಟಿದ್ದಾರೆ. ಒಳ್ಳೆಯದೇ. ಆದರೆ ಆ ಗಿರಾಕಿ ಕೊಳ್ಳುವುದೂ ಹಲವು ಸಲ ವಿದ್ಯುತ್ ಮಗ್ಗದ್ದನ್ನೇ.

ತಾಯಂದಿರೇ, ಅಕ್ಕತಂಗಿಯರೇ, ಮುಂದಿನ ಸಲ ಉಡಿ ತುಂಬುವಾಗ ಹತ್ತು ಮಂದಿಗೆ ಹತ್ತು ಪಾಲಿಸ್ಟರ್ ತುಂಡು ಕೊಡಬೇಡಿ. ಮಗಳೊಬ್ಬಳಿಗಾದರೂ ಕೈಮಗ್ಗದ ಖಣ ಕೊಡಿ, ಅದನ್ನು ನೇಕಾರರ ಕೈಯಿಂದಲೇ ಕೊಳ್ಳಿ, ಮತ್ತು ಹೊಲಿಸಿ ತೊಡಲು ಹೇಳಿ.