ತಡವಾಗಿ ಕನ್ನಡಕ್ಕೆ ಬಂದ ಬೀಚಿ

ಏಪ್ರಿಲ್ 23ನ್ನು ಪುಸ್ತಕದ ದಿನವೆಂದು ಯುನೆಸ್ಕೊ ಘೋಷಿಸಿದ್ದು 1995ರಲ್ಲಿ. ಅದೇ ತಾರೀಖಿನಂದು, 1913ರಲ್ಲಿ, ಹರಪನಹಳ್ಳಿಯಲ್ಲಿ ರಾಯಸಂ ಭೀಮಸೇನರಾವ್ ಹುಟ್ಟಿದ್ದರು. ನಾವೆಲ್ಲ ಬೀಚಿ ಎಂದು ಕರೆಯುವ ಈ ಮಹಾಶಯರು ದೊಡ್ಡವರಾಗಿ ನೌಕರಿ ಹಿಡಿಯುವವರೆಗೂ ಕನ್ನಡ ಪುಸ್ತಕವೆಂದರೆ ಮೂಗು ಮುರಿಯುತ್ತಿದ್ದವರು. ತಿಮ್ಮನ ಜೋಕು ಹೇಳಿ ನಗುವವರು ನಮ್ಮ ಹೊಸಪೇಟೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಈ ಸಂಗತಿಯನ್ನು ಹೇಳುವವರು ಕಡಿಮೆ.

ಹರಪನಹಳ್ಳಿ ಈಗ ಹೊಸಪೇಟೆಯೇ ಕೇಂದ್ರವಾಗಿರುವ ವಿಜಯನಗರ ಜಿಲ್ಲೆಯಲ್ಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸಾಯಿತು, 2021ರಲ್ಲಿ ಇಲ್ಲಿಗೆ ಸೇರಿತು. ಇದ್ದಲ್ಲೇ ಇದ್ದು ಇಷ್ಟು ತಿರುಗಾಡಿದ ಊರು! ಬೀಚಿ ಇದ್ದಿದ್ದರೆ ತಿಮ್ಮನನ್ನು ಒಮ್ಮೆ ತಾಲ್ಲೂಕು ಕಚೇರಿಗೆ ಅಟ್ಟುತ್ತಿದ್ದರೇನೋ.

ಅವರು ಬೆಳೆದ ಕಾಲಕ್ಕೆ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಸಂಡೂರು ಮಾತ್ರ ಘೋರ್ಪಡೆಯವರ ಸಂಸ್ಥಾನ. ಮನೆಯಲ್ಲಿ ಕನ್ನಡ, ಪಕ್ಕದಲ್ಲೇ ತೆಲುಗು, ಸರಕಾರಿ ಕಾಗದವೆಲ್ಲ ಇಂಗ್ಲಿಷು. ಓದಿ ಮುಂದೆ ಬರಬೇಕೆನ್ನುವ ಹುಡುಗನಿಗೆ ಯಾವ ಭಾಷೆಯಿಂದ ಅನ್ನ ಹುಟ್ಟುತ್ತದೆ ಎಂಬುದು ಬೇಗನೆ ಗೊತ್ತಾಗುತ್ತಿತ್ತು. ಅತ್ತ ಧಾರವಾಡದ ಕಡೆ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುವಾಗಿತ್ತು. ಇತ್ತ ಮೈಸೂರು ಸೀಮೆಯಲ್ಲಿ ಅರಸರ ಆಶ್ರಯವಿತ್ತು. ನಾವು ನಡುವೆ ಇದ್ದೆವು. ಭೀಮಸೇನರಾಯರು ಪೊಲೀಸ್ ಇಲಾಖೆ ಸೇರಿದರು, ಇಂಗ್ಲಿಷ್ ಪುಸ್ತಕಗಳನ್ನು ಓದಿದರು. ಕನ್ನಡದಲ್ಲಿ ಓದುವಂಥದ್ದು ಏನಿದೆ ಎನ್ನುವುದು ಅವರೊಬ್ಬರ ಅಹಂಕಾರವೆಂದು ನನಗೆ ಅನ್ನಿಸುವುದಿಲ್ಲ. ಅದು ಆ ಕಾಲದ ಕಚೇರಿಗಳ ಗಾಳಿ.

ಆಮೇಲೆ ಅವರ ಕೈಗೆ ಅ.ನ.ಕೃಷ್ಣರಾಯರ ‘ಸಂಧ್ಯಾರಾಗ’ ಬಂತು. ಸಂಗೀತಗಾರನೊಬ್ಬನ ಬದುಕಿನ ಕಾದಂಬರಿ. ಬರೆದವರು ಬೀಚಿಗಿಂತ ಬರೀ ಐದು ವರ್ಷ ಹಿರಿಯರು. ಆ ಒಂದು ಪುಸ್ತಕ ಅವರನ್ನು ಕನ್ನಡಕ್ಕೆ ಎಳೆದು ತಂದಿತು, ಓದುಗನಾಗಿ, ಸ್ವಲ್ಪದರಲ್ಲೇ ಲೇಖಕನಾಗಿ. ‘ದಾಸಕೂಟ’ ಬಂತು, ‘ತಿಮ್ಮನ ತಲೆ’ ಬಂತು, ಪತ್ರಿಕೆಗಳ ಅಂಕಣಗಳು ಬಂದವು. ಪಂಡಿತರು ಅನಕೃ ಅವರನ್ನು ಜನಪ್ರಿಯ ಲೇಖಕರೆಂದು ಸ್ವಲ್ಪ ಕೆಳಗೆ ಕೂರಿಸುವುದುಂಟು. ಆ ಜನಪ್ರಿಯತೆ ಇಲ್ಲದಿದ್ದರೆ ಮದರಾಸು ಪ್ರಾಂತದ ಒಬ್ಬ ಪೊಲೀಸ್ ನೌಕರನ ಕೈಗೆ ಕನ್ನಡ ಪುಸ್ತಕ ಹೇಗೆ ಸಿಗುತ್ತಿತ್ತು?

ನನಗೆ ಇದರಲ್ಲಿ ಸ್ವಂತ ಆಸಕ್ತಿಯೂ ಇದೆ. ನಾನು ಕಾದಂಬರಿ ಹಿಡಿದದ್ದೇ ನಲವತ್ತು ದಾಟಿದ ಮೇಲೆ. ಎಳೆಯ ವಯಸ್ಸಿನಲ್ಲಿ ಓದಿದವರು ಕತೆಯೊಳಗೆ ಸುಮ್ಮನೆ ಮುಳುಗುತ್ತಾರಂತೆ. ನನಗೆ ಪ್ರತಿ ಪುಟದಲ್ಲೂ ಯಾರೋ ಗುರುತಿನವರು ಎದುರಾಗುತ್ತಾರೆ: ಸಾಲ ಕೊಟ್ಟವರು, ಮಾತು ಬಿಟ್ಟವರು, ತೀರಿಕೊಂಡವರು. ಓದು ಮುಂದೆ ಸಾಗುವುದೇ ಇಲ್ಲ. ಬೀಚಿಯವರಿಗೂ ಹೀಗೇ ಆಗಿರಬೇಕು ಎಂದು ನನ್ನ ಊಹೆ. ಅವರು ಕನ್ನಡಕ್ಕೆ ಬರುವ ಹೊತ್ತಿಗೆ ನೌಕರಿಯ ಲೋಕವನ್ನು ಕಂಡಿದ್ದರು. ಅವರ ಹಾಸ್ಯದ ಖಾರ ಅಲ್ಲಿಂದಲೇ ಬಂದದ್ದು ಅನ್ನಿಸುತ್ತದೆ. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರಲ್ಲ, ಇಂಗ್ಲಿಷಿನಲ್ಲಿ ಅಷ್ಟು ವರ್ಷ ಕಳೆಯದವರಿಗೆ ಆ ಹೆಸರು ಹೊಳೆಯುವುದು ಕಷ್ಟ.

1953ರ ಅಕ್ಟೋಬರ್ 1ರಂದು ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ಯಾರಿಗೆ ಎಂದು ತೀರ್ಮಾನಿಸಲು ಒಂದು ಆಯೋಗವೇ ಬೇಕಾಯಿತು. ಬೀಚಿ ಅಷ್ಟರೊಳಗೆ ಈ ಕಡೆಯವರಾಗಿಬಿಟ್ಟಿದ್ದರು, ಯಾವ ಆಯೋಗವೂ ಇಲ್ಲದೆ. ಆದರೂ ತಮ್ಮ ಕಾವ್ಯನಾಮ ಬರೆಯುವಾಗ ‘ಬೀ’ಯನ್ನು ಕನ್ನಡದಲ್ಲಿ, ‘ಚಿ’ಯನ್ನು ರೋಮನ್ ಲಿಪಿಯಲ್ಲಿ ಬರೆಯುವುದನ್ನು ಅವರು ಬಿಡಲಿಲ್ಲ. ಅಚ್ಚಿನ ಮೊಳೆ ಜೋಡಿಸುವವನು ಎರಡಕ್ಷರದ ಆ ಒಂದು ಹೆಸರಿಗಾಗಿ ಎರಡು ಪೆಟ್ಟಿಗೆಗೆ ಕೈ ಹಾಕಬೇಕಾಗುತ್ತಿತ್ತು.