ಮೀನು ಹಿಡಿಯೋಕೆ ಒಳ್ಳೆಯ ಕಾಲ ಯಾವುದು? ನಂಜನಗೂಡು, ಟಿ. ನರಸೀಪುರದ ಹೊಳೆ-ಕೆರೆಗಳ ಲೆಕ್ಕ

ಮುಂಗಾರು ಶುರುವಾಯಿತೆಂದರೆ ಮೈಸೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮೀನಿನ ಫಾರ್ವರ್ಡ್‌ಗಳೂ ಶುರುವಾಗುತ್ತವೆ. 'ಹೊಸ ನೀರು ಬಂದಿದೆ, ಮೀನು ಹತ್ತುತ್ತಿದೆ, ಈಗಲೇ ಹೋಗಿ' ಎನ್ನುವುದು ಒಂದು. 'ಹುಣ್ಣಿಮೆಯ ಹಿಂದುಮುಂದಿನ ಮೂರು ದಿನ ಮೀನು ತಪ್ಪದೆ ಗಾಳ ಕಚ್ಚುತ್ತದೆ' ಎನ್ನುವುದು ಇನ್ನೊಂದು. ಇವುಗಳ ಜೊತೆಗೆ ಯೂಟ್ಯೂಬ್‌ನಿಂದ ಬಂದ ಸಲಹೆ: ಕೆರೆಯಲ್ಲಿ ಮೀನು ಹಿಡಿಯಲು ವಸಂತ ಮತ್ತು ಶರತ್ಕಾಲವೇ ಶ್ರೇಷ್ಠ, ಬೇಸಿಗೆಯಲ್ಲಿ ಮೀನು ಆಳಕ್ಕೆ ಇಳಿದುಬಿಡುತ್ತದೆ. ಇದರಲ್ಲಿ ಯಾವುದು ನಮ್ಮ ಕಪಿಲೆಗೆ, ನಮ್ಮ ಕಾವೇರಿಗೆ, ನಮ್ಮೂರ ಕೆರೆಗೆ ಹೊಂದುತ್ತದೆ?

ಮೊದಲನೆಯದು ಅರ್ಧ ನಿಜ, ಆದರೆ ಅಪಾಯಕಾರಿ. ಎರಡನೆಯದಕ್ಕೆ ಗಟ್ಟಿ ಆಧಾರವಿಲ್ಲ. ಮೂರನೆಯದು ನಿಜವೇ, ಆದರೆ ಬೇರೆ ದೇಶದ ಬೇರೆ ಮೀನಿನ ಬಗ್ಗೆ.

ಯೂಟ್ಯೂಬ್ ಸಲಹೆ ಯಾವ ಮೀನಿನದು?

ಆ ವಿಡಿಯೋಗಳಲ್ಲಿ ಇರುವುದು ಟ್ರೌಟ್ ಎಂಬ ಮೀನು. ಅದು ತಣ್ಣೀರಿನ ಜೀವಿ. 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹಾಯಾಗಿರುತ್ತದೆ, 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ, 25ರ ಹತ್ತಿರ ಬಂದರೆ ಬದುಕುವುದೇ ಕಷ್ಟ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಸರೋವರಗಳಲ್ಲಿ ಹಿಮ ಕರಗಿದಾಗ ಒಮ್ಮೆ, ಮತ್ತೆ ಚಳಿ ಶುರುವಾಗುವಾಗ ಒಮ್ಮೆ ಮೇಲಿನ ನೀರೂ ತಳದ ನೀರೂ ಪೂರ್ತಿ ಬೆರೆಯುತ್ತವೆ. ಆಗ ಮೇಲುಗಡೆಯೂ ತಂಪು, ಎಲ್ಲೆಡೆ ಆಮ್ಲಜನಕ. ಟ್ರೌಟ್ ದಡದ ಹತ್ತಿರ ಬಂದು ಮೇಯುತ್ತದೆ. ಅಲ್ಲಿನವರು ವಸಂತ, ಶರತ್ಕಾಲ ಎನ್ನುವುದು ಇದಕ್ಕೇ.

ನಮಗೆ ಹತ್ತಿರದ ಟ್ರೌಟ್ ಇರುವುದು ನೀಲಗಿರಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟದ್ದು. ಊಟಿ ಬಳಿಯ ಅವಲಾಂಚೆಯಲ್ಲಿ 1907ರಲ್ಲೇ ಅದರ ಮರಿ ಸಾಕುವ ಕೇಂದ್ರ ಶುರುವಾಯಿತು. ಅವಲಾಂಚೆಯ ಹಳ್ಳದ ನೀರು ಕುಂದಾ ಹೊಳೆ ಸೇರಿ, ಭವಾನಿ ಸೇರಿ, ಕೊನೆಗೆ ಕಾವೇರಿಗೇ ಬರುತ್ತದೆ. ಅಂದರೆ ಟ್ರೌಟ್ ಇರುವುದೂ ಕಾವೇರಿಯ ಕೊಳ್ಳದಲ್ಲೇ. ಆದರೆ ಅದು 2,000 ಮೀಟರ್ ಎತ್ತರದ ಚಳಿ ಬಿಟ್ಟು ಕೆಳಗೆ ಬರಲಾರದು. ನಂಜನಗೂಡಿನ ನೀರಿನಲ್ಲಿ ಅದನ್ನು ಬಿಟ್ಟರೆ ಒಂದು ಬೇಸಿಗೆಯನ್ನೂ ದಾಟುವುದಿಲ್ಲ.

ನಮ್ಮ ಮೀನುಗಳು ಬೇರೆ. ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಜಿಲೇಬಿ ಎಂದು ಕರೆಯುವ ತಿಲಾಪಿಯ, ಕೊರವ. ಹೊಳೆಯಲ್ಲಿ ಇವುಗಳ ಜೊತೆ ಬಾಳೆಮೀನು, ಅದೃಷ್ಟವಿದ್ದರೆ ಬಿಳಿಮೀನು ಅಂದರೆ ಮಹಶೀರ್. ಹೆಚ್ಚಿನವು ಬೆಚ್ಚನೆ ನೀರಿನವು. ಕಾಟ್ಲಾ, ರೋಹು ಚೆನ್ನಾಗಿ ತಿಂದು ಬೆಳೆಯುವುದು 25ರಿಂದ 32 ಡಿಗ್ರಿಯಲ್ಲಿ. ಟ್ರೌಟ್ ಸಾಯುವ ನೀರು ಇವಕ್ಕೆ ಹಿತ.

ಮೀನಿಗೆ ಹಸಿವಾಗುವುದು ಯಾವಾಗ?

ಮೀನಿನ ಮೈಗೆ ತನ್ನದೇ ಆದ ಕಾವಿಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ. ನೀರು ತಣ್ಣಗಾದರೆ ಜೀರ್ಣಕ್ರಿಯೆ ನಿಧಾನ, ಹಸಿವೂ ಕಡಿಮೆ. ನೀರು ಬೆಚ್ಚಗಾದಂತೆ ಹಸಿವು ಏರುತ್ತದೆ. ಹಾಗಾದರೆ ಬೇಸಿಗೆಯಲ್ಲೇ ಹೆಚ್ಚು ಕಚ್ಚಬೇಕಲ್ಲ ಎಂದು ನೀವು ಕೇಳಬಹುದು. ಅಲ್ಲಿ ಅಡ್ಡ ಬರುವುದು ಆಮ್ಲಜನಕ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 15 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 10 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ. ಮೀನಿಗೆ ಬೇಕಾಗುವುದು ಹೆಚ್ಚು, ನೀರಿನಲ್ಲಿ ಇರುವುದು ಕಡಿಮೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ. 'ಬೆಳಗಿನ ಜಾವವೇ ಮೀನಿಗೆ ಒಳ್ಳೆಯ ಹೊತ್ತು' ಎಂದು ಎಲ್ಲರೂ ಹೇಳುತ್ತಾರೆ. ಹರಿಯುವ ಹೊಳೆಯಲ್ಲಿ ಅದು ಸರಿ. ಆದರೆ ಪಾಚಿಯಿಂದ ಹಸಿರಾದ, ಬೇಸಿಗೆಯಲ್ಲಿ ಇಂಗಿದ ಊರ ಕೆರೆಯಲ್ಲಿ ಲೆಕ್ಕ ತಿರುವುಮುರುವು. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೂ ಉಸಿರಾಡುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮೊದಲಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ದಿನದ ಅತಿ ಕಡಿಮೆ ಮಟ್ಟದಲ್ಲಿರುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತವೆ. ಅದು ಹಸಿವಲ್ಲ, ಉಸಿರಿನ ಪರದಾಟ. ಅಂಥ ಕೆರೆಯಲ್ಲಿ ಬಿಸಿಲೇರಿ ಒಂದೆರಡು ಗಂಟೆ ಆದ ಮೇಲೆ, ಇಲ್ಲವೇ ಸಂಜೆಯ ಇಳಿಬಿಸಿಲಲ್ಲಿ ಗಾಳ ಹಾಕುವುದು ಜಾಣತನ. ಕೊರವ ಮಾತ್ರ ಇದಕ್ಕೆ ಹೊರತು. ಅದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು, ಕೆಸರಿನಲ್ಲೂ ಬದುಕುತ್ತದೆ.

ಹಾಗಾದರೆ ಯಾವ ತಿಂಗಳು?

ಹೊಳೆಗೆ ಎರಡು ಒಳ್ಳೆಯ ಅವಧಿಗಳಿವೆ. ಹಿಂಗಾರು ಇಳಿದು ನೀರು ತಿಳಿಯಾಗುವ ನವೆಂಬರ್‌ನಿಂದ ಡಿಸೆಂಬರ್ ನಡುವಿನವರೆಗೆ ಒಂದು. ನೀರು ಇಳಿದು ಮೀನು ಮಡುಗಳಲ್ಲಿ ಸೇರುವ ಫೆಬ್ರವರಿಯಿಂದ ಏಪ್ರಿಲ್ ಮೊದಲ ವಾರಗಳವರೆಗೆ ಇನ್ನೊಂದು. ನಡುವಿನ ಚಳಿಯಲ್ಲಿ, ಅಂದರೆ ಸಂಕ್ರಾಂತಿಯ ಆಸುಪಾಸು, ಬೆಳಗ್ಗೆ ಬೇಗ ಹೋಗಿ ನಡುಗಿ ಪ್ರಯೋಜನವಿಲ್ಲ. ಹತ್ತು ಗಂಟೆಯ ಮೇಲೆ ನೀರು ಬೆಚ್ಚಗಾದಾಗ ಹೋದರೆ ಸಾಕು. ತಿಲಾಪಿಯವಂತೂ ಚಳಿಗೆ ಮಂಕಾಗಿಬಿಡುತ್ತದೆ.

ಈ ಎರಡನೇ ಅವಧಿಗೆ ಕಪಿಲೆಯದೇ ಒಂದು ದೊಡ್ಡ ಸಾಕ್ಷಿ ಇದೆ. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತ ನಿಂತಂತೆ ರೂಪಿಸುವುದರಲ್ಲಿ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗನ್ ಕುಟುಂಬದ ಒಬ್ಬರು 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಸುಮಾರು 54 ಕಿಲೋ, ಒಬ್ಬ ಆಳಿನ ತೂಕ. ಗಾಳದಲ್ಲಿ ಸಿಕ್ಕ ಮಹಶೀರ್‌ಗಳ ದಾಖಲೆಗಳಲ್ಲಿ ಅದಕ್ಕೆ ಇಂದಿಗೂ ದೊಡ್ಡ ಹೆಸರು. ಆಗ ಬೀಚನಹಳ್ಳಿಯಲ್ಲಿ ಅಣೆಕಟ್ಟೆ ಇರಲಿಲ್ಲ, ಅದು ಮುಗಿದದ್ದು 1974ರಲ್ಲಿ. ಹೊಳೆ ತನ್ನ ಪಾಡಿಗೆ ತಾನು ಇಳಿದು, ತಿಳಿಯಾಗಿ, ಮಡುಗಳು ಉಳಿಯುವ ಕಾಲವೇ ಮಾರ್ಚ್.

ಊರ ಕೆರೆಗಳ ವಿಷಯದಲ್ಲಿ ಋತುವಿಗಿಂತ ಮರಿ ಬಿಟ್ಟ ದಿನವೇ ಮುಖ್ಯ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗೆಯ ಕಡೆಯವು, ನಿಂತ ಕೆರೆ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಹಾರ್ಮೋನ್ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಗೆ ಬೇಕಾದಷ್ಟು ಮರಿ ಸಿಗುವಂತಾಯಿತು. ಮಳೆಗಾಲದಲ್ಲಿ ಬಿಟ್ಟ ಮರಿ ಒಳ್ಳೆಯ ಕೆರೆಯಲ್ಲಿ ವರ್ಷಕ್ಕೆ ಕಿಲೋ ತೂಗುತ್ತದೆ. ನೀರು ಇಳಿಯುವ ಬೇಸಿಗೆ ಮೊದಲ ತಿಂಗಳುಗಳಲ್ಲಿ ಬಲೆ ಎಳೆಯುವುದು ಅದಕ್ಕೇ. ಇಂಥ ಕೆರೆಗಳನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರರೋ ಹಿಡಿದಿರುತ್ತಾರೆ. ಮರಿ ಬಿಟ್ಟವರನ್ನು ಕೇಳದೆ ಗಾಳ ಹಾಕಿದರೆ ಅದು ಕಳ್ಳತನವೇ. ಕೇಳಿದರೆ ಬಹಳ ಕಡೆ ಬೇಡ ಅನ್ನುವುದಿಲ್ಲ.

ಹೊಸ ನೀರಿನ ಆಸೆ

ಈಗ ಮೊದಲ ಫಾರ್ವರ್ಡ್‌ಗೆ ಬರೋಣ. ಮೃಗಶಿರಾ, ಆರಿದ್ರಾ ಮಳೆಯ ಹೊಸ ನೀರಿಗೆ ಮೀನು ಹತ್ತುವುದು ನಿಜ. ಅಣೆಕಟ್ಟಿನ ಬುಡದಲ್ಲಿ, ಹುಲ್ಲಹಳ್ಳಿಯಂಥ ಅಣೆಕಟ್ಟೆಗಳ ಕೆಳಗೆ, ಕೆರೆಯ ಕೋಡಿಯಲ್ಲಿ ಮೀನು ದಟ್ಟವಾಗಿ ಸೇರುತ್ತದೆ, ಬರಿಗೈಯಲ್ಲೂ ಸಿಗುತ್ತದೆ. ಏಕೆ ಸೇರುತ್ತದೆ? ಮೊಟ್ಟೆ ಇಡಲು. ಹೊಟ್ಟೆ ತುಂಬ ಮೊಟ್ಟೆ ಇರುವ ಒಂದು ಕಿಲೋ ರೋಹುವಿನಲ್ಲಿ ಲಕ್ಷಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಮೇಲಕ್ಕೆ ಹೋಗಲು ದಾರಿ ಇಲ್ಲದೆ ಗೋಡೆಗೆ ಬಡಿದುಕೊಳ್ಳುವ ಮೀನನ್ನು ಚೀಲಕ್ಕೆ ತುಂಬಿದವರೇ ಮುಂದಿನ ವರ್ಷ 'ಹೊಳೆಯಲ್ಲಿ ಮೀನೇ ಇಲ್ಲ' ಎನ್ನುತ್ತಾರೆ.

ಬಿಳಿಮೀನಿನ ಕಥೆ ಇನ್ನೂ ಕೆಟ್ಟದ್ದು. ಕಾವೇರಿ ಕೊಳ್ಳದಲ್ಲಿ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ, ಬೆನ್ನು ಗೂನಾದ ಈ ಮಹಶೀರ್ 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ 'ತೀವ್ರ ಅಳಿವಿನಂಚಿನ' ಸಾಲಿಗೆ ಸೇರಿತು. ಅಣೆಕಟ್ಟೆ, ಮರಳು ತೆಗೆಯುವುದು, ತೋಟೆ ಸಿಡಿಸಿ ಹಿಡಿಯುವುದು ಒಂದು ಕಡೆ. ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟಿದ್ದು ಇನ್ನೊಂದು ಕಡೆ. ಆ ಹೊರಗಿನ ಮೀನು ಒಳಗಿನದರ ಜಾಗ ಹಿಡಿಯಿತು. ನಿಮ್ಮ ಗಾಳಕ್ಕೆ ಬೆನ್ನು ಎತ್ತರದ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಇಟ್ಟು, ಗಾಳ ಬಿಡಿಸಿ ಬಿಟ್ಟುಬಿಡಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಸೋಂಕು ತಗಲುತ್ತದೆ. ತೋಟೆ, ವಿಷ, ಕರೆಂಟ್ ಬಳಸುವ ವಿಡಿಯೋಗಳನ್ನು ಮುಂದಕ್ಕೆ ಕಳಿಸಬೇಡಿ. ತೋಟೆ, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ಮೀನಿಗಿಂತ ಮೊದಲು ಯೋಚಿಸಬೇಕಾದದ್ದು ನಿಮ್ಮ ಜೀವ. ಕಬಿನಿಯ ನೀರು ಬರುವುದು ವಯನಾಡಿನಿಂದ. ನಂಜನಗೂಡಿನಲ್ಲಿ ಹನಿ ಮಳೆ ಇಲ್ಲದೆ ಬಿಸಿಲು ಕಾಯುತ್ತಿರುವಾಗಲೇ ಅಲ್ಲಿ ಸುರಿದ ಮಳೆಗೆ ಜಲಾಶಯ ತುಂಬಿ ಗೇಟು ತೆರೆಯುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್. ಸುದ್ದಿಯಲ್ಲಿ '50,000 ಕ್ಯೂಸೆಕ್ ಹೊರಹರಿವು' ಎಂದರೆ ಸೆಕೆಂಡಿಗೆ 14 ಲಕ್ಷ ಲೀಟರ್ ನೀರು ನಿಮ್ಮ ಕಡೆ ಹೊರಟಿದೆ ಎಂದು ಅರ್ಥ. 2018, 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯೇ ಮುಳುಗಿತ್ತು. ಟಿ. ನರಸೀಪುರದ ಸಂಗಮದಲ್ಲಿ ಕಷ್ಟ ಇಮ್ಮಡಿ: ಕಬಿನಿಯ ನೀರೂ ಕೆಆರ್‌ಎಸ್‌ನಿಂದ ಬಿಟ್ಟ ಕಾವೇರಿಯ ನೀರೂ ಅಲ್ಲೇ ಸೇರುತ್ತವೆ. ನಡುಗಡ್ಡೆಯ ಬಂಡೆಯ ಮೇಲೆ ಗಾಳ ಹಾಕಿ ಕೂತವರಿಗೆ ನೀರು ಏರಿದ್ದು ಗೊತ್ತಾಗುವ ಹೊತ್ತಿಗೆ ವಾಪಸು ಬರುವ ದಾರಿ ಇರುವುದಿಲ್ಲ. ಮರಳು ತೆಗೆದ ಗುಂಡಿಗಳು ಬೇಸಿಗೆಯಲ್ಲೂ ಬಲಿ ತೆಗೆದುಕೊಳ್ಳುತ್ತವೆ, ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗೆ ಇಳಿಯಬೇಡಿ. ಬೇರೆ ತಿಂಗಳಲ್ಲೂ ಕಾವೇರಿ ನೀರಾವರಿ ನಿಗಮದ ಆ ದಿನದ ಹೊರಹರಿವು ನೋಡಿಯೇ ಹೊರಡಿ. ಫಾರ್ವರ್ಡ್ ಆಗಿ ಬಂದ ಪ್ರವಾಹದ ವಿಡಿಯೋ ಯಾವ ವರ್ಷದ್ದೋ ಇರಬಹುದು, ಅದನ್ನು ನಂಬಿ ಹೆದರುವುದೂ ಬೇಡ, 'ಹಳೆಯದು ಬಿಡಿ' ಎಂದು ಇವತ್ತಿನ ಎಚ್ಚರಿಕೆಯನ್ನು ತಳ್ಳಿಹಾಕುವುದೂ ಬೇಡ. ಯಾರಾದರೂ ಸಿಕ್ಕಿಹಾಕಿಕೊಂಡರೆ 112ಕ್ಕೆ ಕರೆ ಮಾಡಿ, ಈಜು ಬರುತ್ತದೆಂದು ಧುಮುಕಬೇಡಿ. ಈ ಎರಡೂ ಹೊಳೆಗಳಲ್ಲಿ ಮೊಸಳೆಗಳಿವೆ ಎನ್ನುವುದೂ ನೆನಪಿರಲಿ.

ಹುಣ್ಣಿಮೆ ಮತ್ತು ಗಾಳಿಯ ಒತ್ತಡ

ಸಮುದ್ರದಲ್ಲಿ ಚಂದ್ರನಿಂದ ಉಬ್ಬರ-ಇಳಿತ ಬರುತ್ತದೆ, ಅದರ ಜೊತೆ ಮೀನೂ ಓಡಾಡುತ್ತದೆ. ಅದೇ ಮಾತನ್ನು ಕೆರೆಗೆ ಅಂಟಿಸಿದ್ದಾರೆ. ಅಮೆರಿಕದ ಸಮುದ್ರದಂಥ ಮಹಾ ಸರೋವರಗಳಲ್ಲೇ ಚಂದ್ರನಿಂದಾಗುವ ಏರಿಳಿತ 5 ಸೆಂಟಿಮೀಟರ್ ದಾಟುವುದಿಲ್ಲ. ನಮ್ಮ ಕೆರೆಯಲ್ಲಿ ಅದು ಅಳತೆಗೇ ಸಿಗದು. ಬೆಳದಿಂಗಳಲ್ಲಿ ರಾತ್ರಿ ಮೇಯುವ ಕೆಲವು ಮೀನುಗಳ ಓಡಾಟ ಬದಲಾಗಬಹುದು, ಅಷ್ಟೇ.

'ಮೋಡ ಕವಿದು ಒತ್ತಡ ಇಳಿದಾಗ ಮೀನು ಕಚ್ಚುತ್ತದೆ' ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಗಾಳಿಯ ಒತ್ತಡ 10 ಮಿಲಿಬಾರ್ ಇಳಿಯುವುದು ದೊಡ್ಡ ಬದಲಾವಣೆ. ನೀರಿನಲ್ಲಿರುವ ಮೀನಿಗೆ ಅದು 10 ಸೆಂಟಿಮೀಟರ್ ಮೇಲೆ ಈಜಿದಷ್ಟೇ ವ್ಯತ್ಯಾಸ. ದಿನಕ್ಕೆ ನೂರು ಸಲ ಅದಕ್ಕಿಂತ ಹೆಚ್ಚು ಏರಿ ಇಳಿಯುವ ಮೀನು ಅದನ್ನು ಲೆಕ್ಕಕ್ಕೆ ಇಡುತ್ತದೆಯೇ? ಮೋಡವಿದ್ದಾಗ ಬೆಳಕು ಕಡಿಮೆ, ಮೀನಿಗೆ ಮೇಲೆ ಬರಲು ಧೈರ್ಯ. ಅನುಭವಿಗಳು ಕಂಡದ್ದು ಸುಳ್ಳಲ್ಲ, ಕೊಟ್ಟ ಕಾರಣ ಬೇರೆ.

ತೇಲಿ ಬಂದ ಮೀನು

ಬೇಸಿಗೆ ಕೊನೆಯ ಮೊದಲ ಜೋರು ಮಳೆಯ ಮರುದಿನ ಕೆರೆಯಲ್ಲಿ ರಾಶಿ ಮೀನು ತೇಲುವುದುಂಟು. ಮಳೆ ನೀರು ಕೊಚ್ಚಿ ತಂದ ಕೊಳೆ, ಕದಡಿದ ತಳದ ಕೆಸರು, ಮೋಡದಿಂದ ನಿಂತುಹೋದ ಪಾಚಿಯ ಕೆಲಸ, ಎಲ್ಲ ಸೇರಿ ಆಮ್ಲಜನಕ ಮುಗಿದಿರುತ್ತದೆ. ಆದರೆ ಗದ್ದೆಯ ಔಷಧವೋ ಕೊಳಕು ನೀರೋ ಸೇರಿ ಸತ್ತಿದ್ದರೂ ಮೀನು ತೇಲುವುದು ಹೀಗೇ. ನೋಡಿ ವ್ಯತ್ಯಾಸ ಹೇಳಲಾಗದು, ಬೇಯಿಸಿದರೆ ವಿಷ ಹೋಗುವುದೂ ಇಲ್ಲ. ಬಿಟ್ಟಿ ಸಿಕ್ಕಿತೆಂದು ಮನೆಗೆ ತರಬೇಡಿ, ಪಂಚಾಯಿತಿಗೋ ಮೀನುಗಾರಿಕೆ ಇಲಾಖೆಗೋ ತಿಳಿಸಿ. 'ಮಳೆಗಾಲದಲ್ಲಿ ಮೀನು ತಿಂದರೆ ವಿಷ' ಎಂಬ ಫಾರ್ವರ್ಡ್ ಮಾತ್ರ ಸುಳ್ಳು. ಕಿವಿರು ಕೆಂಪಗಿದ್ದು, ಕಣ್ಣು ಹೊಳೆಯುತ್ತಿದ್ದು, ಒತ್ತಿದ ಮಾಂಸ ಮತ್ತೆ ಮೇಲೆದ್ದರೆ ಸಾಕಿದ ಕೆರೆಯ ಮೀನನ್ನು ಆಷಾಢದಲ್ಲೂ ಧಾರಾಳವಾಗಿ ತಿನ್ನಬಹುದು.

ಇನ್ನು, ಕೆಸರು ನೀರಿನಲ್ಲಿ ನಿಂತು ಮೀನು ಹಿಡಿದು ಬಂದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿಜ್ವರ ಇರಬಹುದು. ವೈದ್ಯರಿಗೆ ಜ್ವರದ ಜೊತೆ 'ನೀರಿಗೆ ಇಳಿದಿದ್ದೆ' ಎಂದೂ ಹೇಳಿ. ಬೇಗ ಗೊತ್ತಾದರೆ ಸಾಮಾನ್ಯ ಆ್ಯಂಟಿಬಯಾಟಿಕ್‌ನಲ್ಲೇ ವಾಸಿಯಾಗುತ್ತದೆ, ತಡವಾದರೆ ಮೂತ್ರಪಿಂಡಕ್ಕೂ ಪಿತ್ತಜನಕಾಂಗಕ್ಕೂ ಏರುತ್ತದೆ.